ಗ್ರೀಸಿಗೆ ಬಿದ್ದ ದೂಳ್ತ

ಹೊನ್ನೂರಿನ ಪುಟ್ಟಮಲ್ಲಮ್ಮ ಹುಟ್ಟು ಪುಕ್ಕಲಿ. ಗುಡುಗಿಗೆ ಹೆದರುತ್ತಾಳೆ, ಗ್ಯಾಸ್ ಸಿಲಿಂಡರಿಗೆ ಹೆದರುತ್ತಾಳೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಎತ್ತುವ ಮೊದಲೇ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಆದರೆ ಹೆದರಿಕೆಯಾಗುತ್ತದೆ ಎಂದು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಗದ್ದೆಗೆ ನೀರು ತಿರುಗಿಸಲು ಕತ್ತಲಲ್ಲಿ ಹೊರಟ ಗಂಡ ಪುಟ್ಟಬಸಪ್ಪನಿಗೆ, ಹಾವಿರುತ್ತವೆ ಹೋಗಬೇಡಿ ಎಂದು ಒಂದು ಮಾತು ಅಂದಿದ್ದಳು. "ಒಂಟೋರ್ಗೆ ಅಡ್ಡ ಬಾಯಿ ಆಕ್ಬ್ಯಾಡ ಕಣಮ್ಮಿ" ಎಂದು ಅತ್ತೆ ಗದರಿದ್ದರು. ಅಂದು ಮುಚ್ಚಿದ ಬಾಯಿ ಈ ಅರವತ್ತು ದಾಟಿದ ವಯಸ್ಸಿನವರೆಗೂ ತೆರೆದಿರಲಿಲ್ಲ.

ಬಾಯಿ ಸುಮ್ಮನಾದರೆ ಕೈ ಸುಮ್ಮನಿರುತ್ತದೆಯೇ? ಹೊರಟವರ ಜೇಬಿಗೆ ಗೊತ್ತಿಲ್ಲದ ಹಾಗೆ ನಿಂಬೆಹಣ್ಣು ತುರುಕುತ್ತಿದ್ದಳು, ಬ್ಯಾಗಿನ ತಳಕ್ಕೆ ವಿಭೂತಿ ಗಟ್ಟಿ ಇಡುತ್ತಿದ್ದಳು, ಅವರು ಬೀದಿ ತಿರುಗುವ ತನಕ ಹೊಸಲಿನ ಮೇಲೆ ಬಲಗೈ ಊರಿ ಕೂತಿರುತ್ತಿದ್ದಳು. ಮಗ ಶಾಂತಮೂರ್ತಿ ಆ ದೊಡ್ಡ ಬೈಕು ತಂದ ದಿನದಿಂದ ಆ ಕೈಗಳಿಗೆ ಬಿಡುವೇ ಸಿಗಲಿಲ್ಲ.

ಶಾಂತಮೂರ್ತಿ ಯಳಂದೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಬೈಕು ಸೆಕೆಂಡ್ ಹ್ಯಾಂಡು. ದೂರದ ಊರುಗಳಿಗೆ ಹೋಗುವವರಿಗೆಂದೇ ಮಾಡಿದ್ದು, ಆಳೆತ್ತರದ್ದು, ಹಿಂದೆ ಎರಡೂ ಕಡೆ ಅಲ್ಯುಮಿನಿಯಂ ಪೆಟ್ಟಿಗೆ. ಊರಿನವರು ಅದಕ್ಕೆ ಮೂಟೆ ಬೈಕು ಎಂದು ಹೆಸರಿಟ್ಟಿದ್ದರು. ಈ ಸಲದ ರಜೆಗೆ ಹೆಂಡತಿ ಭವ್ಯಶ್ರೀಯನ್ನು ಕೂರಿಸಿಕೊಂಡು ಮಹದೇಶ್ವರ ಬೆಟ್ಟ ಹತ್ತಿ, ಆಚೆ ಪಾಲಾರ್ ಕಡೆ ಇಳಿದು, ಮೆಟ್ಟೂರಿನ ಮೇಲೆ ಕೊಡೈಕನಾಲ್ ತನಕ ಹೋಗಿಬರುವುದೆಂದು ಗಂಡ ಹೆಂಡತಿ ತೀರ್ಮಾನ ಮಾಡಿದರು. ಬೆಟ್ಟದ ಆ ತಿರುವುಗಳೆಲ್ಲ ಪುಟ್ಟಮಲ್ಲಮ್ಮನ ಕಣ್ಣ ಮುಂದೆ ಬಂದವು. ಬಾಯಲ್ಲಿ ಮಾತ್ರ, "ಓಗ್ಬನ್ನಿ, ಬಿಸಿಲು ಜಾಸ್ತಿ, ನೀರು ತಕಳಿ" ಎಂದಳು.

ದೂರ ಹೊರಡುವ ಮುಂಚೆ ಬೈಕಿನ ಹಳೆಯ ಗ್ರೀಸು ತೆಗೆದು ಹೊಸದು ತುಂಬಬೇಕು ಎಂದು ಶಾಂತಮೂರ್ತಿ ಎಲ್ಲೋ ವೀಡಿಯೋದಲ್ಲಿ ನೋಡಿದ್ದ. ಮೈಸೂರಿನ ವರ್ಕ್‌ಶಾಪಿಗೆ ಯಾರು ಅಲೆಯುತ್ತಾರೆ, ಮನೆಯಲ್ಲೇ ಮಾಡುತ್ತೇನೆ ಎಂದು ಹಠ ಹಿಡಿದ. ಎತ್ತುಗಳಿದ್ದ ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿ ಬೈಕನ್ನು ತೂಗುಹಾಕಿದ. ಪುಟ್ಟಬಸಪ್ಪ ಬಂದು ನೋಡಿ, "ಎತ್ತುಗೆ ಲಾಳ ಒಡ್ಯೋವಾಗ್ಲೂ ಇಷ್ಟು ಕಟ್ಟಾಕ್ತಿರ್ಲಿಲ್ಲ ಕಣ್ಲಾ" ಎಂದು ನಕ್ಕು ಕಬ್ಬಿನ ಗದ್ದೆಗೆ ಹೋದ.

ಮೊದಲ ದಿನ ಹಿಂದಿನ ಚಕ್ರ ಬಿಚ್ಚಿ, ಅದನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಎಂಬ ಉದ್ದನೆಯ ಕಬ್ಬಿಣದ ತೋಳಿನ ಬೇರಿಂಗುಗಳನ್ನು ತೊಳೆದು, ಗ್ರೀಸು ತುಂಬಿ, ಮತ್ತೆ ಕೂರಿಸಿದ. ಮರುದಿನ ಮುಂಭಾಗ. ಹ್ಯಾಂಡಲ್ ಕಳಚಿ, ಮುಂದಿನ ಚಕ್ರದ ಎರಡು ಕಾಲುಗಳನ್ನು ಎಳೆದು, ಹ್ಯಾಂಡಲ್ ತಿರುಗುವ ಕಡೆ ಮೇಲೊಂದು ಕೆಳಗೊಂದು ಇರುವ ಬೇರಿಂಗುಗಳನ್ನು ಹೊರಗೆ ತೆಗೆದ. ಲ್ಯಾಬಿನವನಲ್ಲವೇ, ಕೈಗೆ ಗ್ಲೌಸು. ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಷ್ಷಿನಲ್ಲಿ ಉಜ್ಜಿ, ಬಿಳಿ ಬಟ್ಟೆಯ ಮೇಲೆ ಒಣಗಲು ಇಟ್ಟ. ಪಕ್ಕದಲ್ಲಿ ಗ್ರೀಸಿನ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು. "ಅವ್ವ, ಕೋಳಿ ಈ ಕಡೆ ಬರ್ದಂಗೆ ನೋಡ್ಕೊ" ಎಂದು ಹೇಳಿ ಊಟಕ್ಕೆ ಒಳಗೆ ಹೋದ.

ಕೋಳಿ ಕಾಯಲು ಕೂತವಳು ಡಬ್ಬಿಯನ್ನೇ ನೋಡುತ್ತ ಕೂತಳು. ಅವಳ ತವರಿನಲ್ಲೂ ಗಾಡಿಯಿತ್ತು, ಎತ್ತಿನ ಗಾಡಿ. ಹರಳೆಣ್ಣೆಗೆ ಹುಲ್ಲು ಸುಟ್ಟ ಬೂದಿ ಕಲಸಿದರೆ ಕೀಲೆಣ್ಣೆ. ಚಕ್ರ ಸಲೀಸಾಗಿ ಉರುಳಲು ಅಚ್ಚಿಗೆ ಅದನ್ನೇ ಸವರುವುದು. ಬೆಟ್ಟಕ್ಕೆ ಹೊರಡುವಾಗ ಅವಳಪ್ಪ ಆ ಕೀಲೆಣ್ಣೆಗೆ ದೂಳ್ತವನ್ನೂ ಬೆರೆಸುತ್ತಿದ್ದ. ದೂಳ್ತವೆಂದರೆ ಮಹದೇಶ್ವರ ಬೆಟ್ಟದ ಮಾದಪ್ಪನ ಸನ್ನಿಧಿಯಿಂದ ತಂದ ಪ್ರಸಾದದ ಬೂದಿ. ಅವಳು ಹುಡುಗಿಯಾಗಿದ್ದಾಗ ಒಮ್ಮೆ ಇಳಿಜಾರಿನಲ್ಲಿ ಅಚ್ಚಿನ ತುದಿಯ ಕಡಾಣಿ ಬಿದ್ದುಹೋಗಿ ಚಕ್ರ ಕಳಚಿಕೊಂಡಿತ್ತು. ಗಾಡಿ ಹಳ್ಳದ ಅಂಚಿಗೆ ಬಂದು ನಿಂತಿತು. ಯಾರಿಗೂ ಒಂದು ಗೀರು ಬೀಳಲಿಲ್ಲ. ನಡುಗುತ್ತಿದ್ದ ಮಗಳ ಹಣೆಗೆ ಅಪ್ಪ ಆ ಕರಿ ಕೀಲೆಣ್ಣೆಯನ್ನೇ ಹಚ್ಚಿ, ಇದರಲ್ಲಿ ಮಾದಪ್ಪ ಇದ್ದಾನೆ, ಅವನೇ ತಡೆದ ಎಂದಿದ್ದ. ಗಾಡಿಯ ಎಣ್ಣೆಗೆ ಬೂದಿ ಬೀಳಬಾರದು ಎಂದು ಯಾರಾದರೂ ಹೇಳಿದ್ದರೆ ಪುಟ್ಟಮಲ್ಲಮ್ಮ ನಗುತ್ತಿದ್ದಳೇನೋ. ಬೂದಿಯಿಲ್ಲದ ಗಾಡಿಯೆಣ್ಣೆಯನ್ನು ಅವಳು ಕಂಡದ್ದೇ ಇಲ್ಲ.

ದೇವರ ಗೂಡಿನಿಂದ ದೂಳ್ತದ ಬಟ್ಟೆಗಂಟು ತಂದಳು. ಮಗನ ಹೆಸರಿಗೆ ಒಂದು ಚಿಟಿಕೆ, ಸೊಸೆಯ ಹೆಸರಿಗೆ ಒಂದು, ಆ ಹಾಳು ಗಾಡಿಯ ಹೆಸರಿಗೂ ಒಂದು. ಆಮೇಲೆ ಕೊಡೈಕನಾಲ್ ಎಲ್ಲಿದೆಯೋ ಎಷ್ಟು ದೂರವೋ ಎಂದು ಇನ್ನೊಂದಿಷ್ಟು ಸುರಿದಳು. ಕಡ್ಡಿಯಲ್ಲಿ ಕದಡಿ, ಮೇಲೆ ನಯವಾಗಿ ಸವರಿ, ಗಂಟನ್ನು ಮಡಿಲಿಗೆ ಸೇರಿಸಿದಳು. ಶಾಂತಮೂರ್ತಿ ಬಾಯಿ ಒರೆಸಿಕೊಂಡು ಬಂದು, ಆ ಗ್ರೀಸನ್ನೇ ಬೇರಿಂಗುಗಳ ಸಂದುಸಂದಿಗೂ ಒತ್ತಿ ತುಂಬಿದ. ಅವಳ ಎದೆ ಎಷ್ಟೋ ದಿನದ ಮೇಲೆ ಹಗುರವಾಗಿತ್ತು.

ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಹೊರಟರು. ದಾರಿಯಲ್ಲಿ ಮಾರ್ಟಳ್ಳಿಗೆ ಹೋಗಿ, ಅಲ್ಲಿ ಟೀಚರಾಗಿರುವ ಭವ್ಯಶ್ರೀಯ ಗೆಳತಿ ದಿವ್ಯಳ ಮನೆಯಲ್ಲಿ ಊಟ ಮಾಡಿ, ಬಿಸಿಲು ಇಳಿದ ಮೇಲೆ ಬೆಟ್ಟ ಹತ್ತುವುದೆಂದು ಮಾತಾಗಿತ್ತು. ಪುಟ್ಟಮಲ್ಲಮ್ಮ ಹೊಸಲಿನ ಮೇಲೆ ಕೈ ಊರಿದ್ದಳಾದರೂ ಅದು ಅಭ್ಯಾಸಕ್ಕೆ. ಒಳಗೆ ಹೋಗಿ ನೆಮ್ಮದಿಯಾಗಿ ರೊಟ್ಟಿ ತಟ್ಟಿದಳು.

ಆ ನೆಮ್ಮದಿಯನ್ನು ಕೆಡಿಸಿದವನು ಎದುರುಮನೆಯ ಆಟೋ ನಟರಾಜು. ಆಟೋದ ಚಕ್ರ ಕುಯ್ಯೋ ಅನ್ನುತ್ತಿದೆ, ಶಾಂತಣ್ಣ ತಂದ ಗ್ರೀಸು ಉಳಿದಿದ್ದರೆ ಒಂಚೂರು ಕೊಡಿ ಎಂದು ಬಂದ. ಅವಳು ಡಬ್ಬಿ ಕೊಟ್ಟಳು. ನಟರಾಜು ಒಂದು ಬೆರಳಿಗೆ ತೆಗೆದುಕೊಂಡು ಹೆಬ್ಬೆಟ್ಟಿನಿಂದ ಉಜ್ಜಿ ನೋಡಿ ಮುಖ ಸಿಂಡರಿಸಿದ.

"ಏನವ್ವಾರೆ ಇದು, ಕರಕರ ಅಂತದೆ? ಮಣ್ಣು ಬಿದ್ದದೆ ಇದ್ಕೆ. ನಂಗ್ಬ್ಯಾಡಿ."

"ಒಂಚೂರು ಬಿದ್ರೆ ಏನಾದದು ಬುಡಪ್ಪ" ಎಂದಳು ಪುಟ್ಟಮಲ್ಲಮ್ಮ.

"ಏನಾದದಾ? ಬೇರಿಂಗು ತಿಂದಾಕ್ಬುಡ್ತದೆ. ನಂದು ಮೂರು ಚಕ್ರ, ಎಂಗೋ ಉಳ್ಕತೀನಿ. ಬೈಕ್‌ನ ಆಂಡ್ಲಿಗೇನಾರ ಇದು ಓಗಿದ್ರೆ, ತಿರುವಲ್ಲಿ ಆಂಡ್ಲು ಇಡ್ಕಂಡ್ರೆ, ಅಷ್ಟೇಯ. ಗಾಡಿ ಸೀದಾ ಓಯ್ತದೆ, ರಸ್ತೆ ತಿರುಕಂಡ್ ಓಯ್ತದೆ."

ನಟರಾಜು ಏನನ್ನೂ ಒಂದಕ್ಕೆ ನಾಲ್ಕು ಮಾಡಿ ಹೇಳುವ ಆಸಾಮಿ. ಊರಿಗೆಲ್ಲ ಗೊತ್ತು, ಪುಟ್ಟಮಲ್ಲಮ್ಮನಿಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ ಅದೆಲ್ಲ ನೆನಪಿಗೆ ಬರಲಿಲ್ಲ. ಅಲ್ಲೇ ಕಂಬ ಹಿಡಿದುಕೊಂಡಳು. ಬೆಟ್ಟದ ರಸ್ತೆ ತಿರುಗಿಕೊಂಡು ಹೋಗುತ್ತಿತ್ತು. ಮಗ ಸೊಸೆ ಕೂತ ಬೈಕು ಸೀದಾ ಹೋಗುತ್ತಿತ್ತು. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ತಾನೇ ಕೈಯಾರೆ ಕಡ್ಡಿ ಹಿಡಿದು ಕದಡಿದ್ದಳು.

ಮಗನಿಗೆ ಫೋನು ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಒಂದು ಹೆಣ್ಣು ದನಿ ತಣ್ಣಗೆ ಹೇಳಿತು. ಸೊಸೆಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ದಿವ್ಯಳ ನಂಬರು ಇವಳ ಬಳಿ ಎಲ್ಲಿ ಬರಬೇಕು? ಗಂಡ ಫೋನನ್ನು ಮನೆಯಲ್ಲೇ ಬಿಟ್ಟು ಗದ್ದೆಗೆ ಹೋಗಿದ್ದ.

"ನಟರಾಜು, ಆಟೋ ತಗಿ" ಎಂದಳು.

"ಎಲ್ಲಿಗೆ?"

"ಕೊಳ್ಳೇಗಾಲ. ಬೆಟ್ಟದ ಬಸ್ಸು ಇಡೀಬೇಕು. ಅವ್ರು ಒಂದ್ ಸಾಮಾನು ಮರ್ತೋಗವ್ರೆ."

ನಟರಾಜು ಅವಳ ಕೈ ನೋಡಿದ. ಗ್ರೀಸಿನ ಡಬ್ಬಿಯನ್ನು ಎದೆಗೊತ್ತಿಕೊಂಡಿದ್ದಳು. ಅವಳ ಮುಖ ನೋಡಿ ಮತ್ತೇನೂ ಕೇಳದೆ ಆಟೋ ಹೊರಡಿಸಿದ.

ಯಳಂದೂರು ದಾಟಿದ್ದು ಗೊತ್ತಾಗಲಿಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಬೆಟ್ಟದ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಚಪ್ಪಲಿ ಹಾಕದೆ ಬಂದಿದ್ದೇನೆಂದು ಹತ್ತುವಾಗ ಕಾಲು ಸುಟ್ಟ ಮೇಲೆಯೇ ಅವಳಿಗೆ ತಿಳಿದದ್ದು. ಕಂಡಕ್ಟರು ಆಧಾರ್ ಕಾರ್ಡು ಕೇಳಿದ. ಅವಳು ಡಬ್ಬಿ ತೋರಿಸಿದಳು. ಆತ ಡಬ್ಬಿಯನ್ನೂ ಅವಳನ್ನೂ ನೋಡಿ, "ಕೂತ್ಕೊಳಿ ಅವ್ವ, ಮೊದ್ಲು ನೀರು ಕುಡೀರಿ" ಎಂದ.

ಹನೂರಿನ ತನಕ ಕಿಟಕಿಯ ಸರಳನ್ನು ಬಿಡಲಿಲ್ಲ. ಎದುರಿಗೆ ಬಂದ ಪ್ರತಿ ಬೈಕನ್ನೂ ನೋಡಿದಳು, ಪ್ರತಿ ಹಳ್ಳದೊಳಗೂ ಇಣುಕಿದಳು. ಹನೂರು ಬಿಟ್ಟು ಸ್ವಲ್ಪ ದೂರದಲ್ಲಿ ರಸ್ತೆ ಪಕ್ಕ ಜನ ಸೇರಿದ್ದರು. ಬಸ್ಸು ನಿಧಾನವಾಯಿತು. ಜನರ ಕಾಲುಗಳ ಸಂದಿಯಲ್ಲಿ ನೆಲಕ್ಕೆ ಬಿದ್ದ ಗಾಡಿಯೊಂದರ ಚಕ್ರ ಕಾಣಿಸಿತು. ಪುಟ್ಟಮಲ್ಲಮ್ಮ ಸೀಟಿನಿಂದ ಎದ್ದು ನಿಂತಳು. ನೋಡಿದರೆ ಬಾಳೆಗೊನೆ ಹೇರಿಕೊಂಡು ಮಗುಚಿದ ಮೊಪೆಡ್ಡು. ಸವಾರ ಎದ್ದು ನಿಂತು ಗೊನೆಗಳಿಗೆ ಬೈಯುತ್ತಿದ್ದ. ಅವನು ಬದುಕಿರುವುದನ್ನು ನೋಡಿ ಅವಳು ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. ಪಕ್ಕದಲ್ಲಿ ಕೂತಿದ್ದ ಬೆಟ್ಟದ ಭಕ್ತೆಯೊಬ್ಬಳು, ಹರಕೆ ದೊಡ್ಡದಿರಬೇಕು ಎಂದುಕೊಂಡು ಅವಳ ಬೆನ್ನು ಸವರಿದಳು.

ಮಾದಪ್ಪನಿಗೆ ಏನು ಹೇಳಿಕೊಳ್ಳಬೇಕೋ ಅವಳಿಗೆ ಹೊಳೆಯಲಿಲ್ಲ. ಕಾಪಾಡು ಅನ್ನೋಣವೆಂದರೆ, ಅವನ ಬೂದಿಯೇ ಅಲ್ಲಿ ಕೂತು ಬೇರಿಂಗು ತಿನ್ನುತ್ತಿದೆ. ಅವನನ್ನು ದೂರೋಣವೆಂದರೆ, ಹಾಕು ಅಂತ ಅವನು ಹೇಳಿರಲಿಲ್ಲ. 'ನಾನು ಬಾಯಿಬುಟ್ಟು ಯೋಳ್ಬೇಕಿತ್ತು' ಎಂದಷ್ಟೇ ಮನಸ್ಸಿನಲ್ಲಿ ಅಂದುಕೊಂಡಳು, ಮತ್ತೆ ಮತ್ತೆ ಅದನ್ನೇ ಅಂದುಕೊಂಡಳು. ನಡುನಡುವೆ ಫೋನು ಮಾಡಿದಾಗಲೆಲ್ಲ ಆ ಹೆಣ್ಣು ದನಿಯೂ ತನ್ನ ಹಳೆಯ ಮಾತನ್ನೇ ಹೇಳುತ್ತಿತ್ತು.

ತಾಳಬೆಟ್ಟದಲ್ಲಿ ಬಸ್ಸು ನಿಂತಿತು. ಘಾಟ್ ಶುರುವಾಗುವುದು ಅಲ್ಲಿಂದಲೇ. ನಡೆದು ಹೋಗುವವರಾಗಲಿ, ಗಾಡಿಯಲ್ಲಿ ಹೋಗುವವರಾಗಲಿ, ಅಲ್ಲಿ ಕಾಯಿ ಒಡೆದು ಕರ್ಪೂರ ಹಚ್ಚಿಯೇ ಮುಂದಕ್ಕೆ ಹೆಜ್ಜೆ ಇಡುವುದು. ಹೊಗೆಯ ಆಚೆ ಅಲ್ಯುಮಿನಿಯಂ ಪೆಟ್ಟಿಗೆಗಳು ಹೊಳೆದವು. ಪುಟ್ಟಮಲ್ಲಮ್ಮ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದಳು.

ಶಾಂತಮೂರ್ತಿ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಚಕ್ರವನ್ನು ಅತ್ತಿತ್ತ ಅಲುಗಿಸುತ್ತಿದ್ದ. ಭವ್ಯಶ್ರೀ ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡು ನಿಂತಿದ್ದಳು. "ಏನೂ ಆಗಲ್ಲ. ಒಸ ಗ್ರೀಸು, ಒಂಚೂರು ಬಿಗಿ ಇರ್ತದೆ. ಅತ್ತುತಾ ಅತ್ತುತಾ ಸಡ್ಲ ಆಯ್ತದೆ" ಎಂದು ಅವನು ಹೆಂಡತಿಗೆ ಹೇಳುತ್ತಿದ್ದದ್ದು ಹಿಂದಿನಿಂದ ಬಂದ ತಾಯಿಗೆ ಕೇಳಿಸಿತು.

"ಅತ್ಬ್ಯಾಡ" ಎಂದಳು ಪುಟ್ಟಮಲ್ಲಮ್ಮ.

ಅವನು ತಿರುಗಿ ನೋಡಿದ. ಬರಿಗಾಲು, ಕೆದರಿದ ತಲೆ, ಕೈಯಲ್ಲಿ ಡಬ್ಬಿ. ಗಡಬಡಿಸಿ ಎದ್ದ. "ಅವ್ವ? ಅಪ್ಪುಂಗೇನಾಯ್ತು?"

"ಅಪ್ಪ ಸಂದಾಗವ್ರೆ. ನೀನು ಅತ್ಬ್ಯಾಡ. ನಂಗೆ ಬಯ ಆಯ್ತದೆ." ನಲವತ್ತು ವರ್ಷ ಒಳಗಿದ್ದ ಮಾತು ಅಷ್ಟು ಸುಲಭವಾಗಿ ಹೊರಗೆ ಬಂತು. ಬಂದ ಮೇಲೆ ಉಳಿದದ್ದೂ ಅದರ ಹಿಂದೆಯೇ ಬಂತು. "ಗ್ರೀಸ್‌ಗೆ ದೂಳ್ತ ಆಕ್ಬುಟ್ಟೆ ಕಣಪ್ಪ. ನೀನು ಉಣ್ಣಕ್ಕೆ ಓಗಿದ್ದಾಗ. ನಿಂಗೊಂದು ಚಿಟಿಕೆ, ಅವಳ್ಗೊಂದು, ಗಾಡಿಗೊಂದು. ದಾರಿ ಉದ್ದ ಅಂತ ಇನ್ನೊಂಚೂರು."

ಶಾಂತಮೂರ್ತಿ ಡಬ್ಬಿ ತೆಗೆದುಕೊಂಡು, ಬೆರಳಿನಲ್ಲಿ ಉಜ್ಜಿ, ಮೂಗಿನ ಬಳಿ ಹಿಡಿದ. ಬೈಕನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಹಿಂಭಾಗವನ್ನು ಕೆಳಕ್ಕೆ ಒತ್ತಿ ಹಿಡಿಯಲು ಭವ್ಯಶ್ರೀಗೆ ಹೇಳಿ, ಮುಂದಿನ ಚಕ್ರ ನೆಲ ಬಿಟ್ಟ ಮೇಲೆ ಹ್ಯಾಂಡಲನ್ನು ಮೆಲ್ಲಗೆ ಪಕ್ಕಕ್ಕೆ ದೂಡಿದ. ನಡುವಿನಿಂದ ಸ್ವಲ್ಪ ಸರಿದು, ಕರ್ ಎಂದು, ಅದು ಅಲ್ಲೇ ನಿಂತಿತು. ಇನ್ನೊಮ್ಮೆ ಬಲವಾಗಿ ದೂಡಿದ ಮೇಲೆ ಜಗ್ಗನೆ ತುದಿಗೆ ಹೋಯಿತು. ಮೂವರೂ ಆ ಸದ್ದನ್ನು ಕೇಳಿದರು.

"ಸತ್ತೋಗ್ತಿದ್ವಲ್ಲವ್ವ" ಎಂದ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಅಷ್ಟು ನಾಟುತ್ತಿರಲಿಲ್ಲ.

ಅವಳು ಅಲ್ಲೇ ಕಾಯಿಚಿಪ್ಪುಗಳ ನಡುವೆ ಕೂತುಬಿಟ್ಟಳು. ಭವ್ಯಶ್ರೀ ಪಕ್ಕದಲ್ಲಿ ಕೂತು ಅವಳ ಸುಟ್ಟ ಪಾದಕ್ಕೆ ಬಾಟಲಿಯ ನೀರು ಹಾಕಿದಳು. ಆಮೇಲೆ ತಲೆಯೆತ್ತಿ ಗಂಡನನ್ನು ನೋಡಿ, "ಅತ್ತೆ ಆಕಿದ್ದು ತಪ್ಪೇ. ಆದ್ರೆ ಆಂಡ್ಲು ಇಡೀತದೆ ಅಂತ ನಿಮ್ಗೆ ಅನೂರಲ್ಲೇ ಗೊತ್ತಿತ್ತು. ನಿಮ್ಮ ಬುಜ ಇಡ್ಕಂಡು ಕೂತಿದ್ದೋಳು ನಾನು. ಕಲ್ಲಾಗಿತ್ತು. ಯಾಕೆ ಯೋಳ್ಲಿಲ್ಲ?" ಎಂದಳು.

ಅವನು ಬೆರಳಿನ ಗ್ರೀಸು ಒರೆಸಿಕೊಳ್ಳುತ್ತ ಬೇರೆ ಕಡೆ ನೋಡಿದ. "ನಟ್ಟು ಜಾಸ್ತಿ ಬಿಗಿ ಮಾಡ್ಬುಟ್ನೇನೋ ಅನ್ಕಂಡೆ. ಮನೇಲೇ ಮಾಡ್ತೀನಿ ಅಂತ ಊರಿಗೆಲ್ಲ ಯೋಳಿದ್ದೆ. ವಾಪಸ್ ಎಂಗೆ ಬರ್ಲಿ?" ಆಮೇಲೆ, "ನಂಗೂ ಬಯ ಆಗಿತ್ತು" ಎಂದ.

ಬೈಕನ್ನು ಹೂವಿನಂಗಡಿಯವನ ಬಳಿ ಬಿಟ್ಟರು. ನಾಳೆ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ಹೋಗುವುದೆಂದಾಯಿತು. ತಾಳಬೆಟ್ಟದ ತನಕ ಬಂದವರು ಮಾದಪ್ಪನ ಮುಖ ನೋಡದೆ ಹಿಂದಕ್ಕೆ ಹೋಗುವ ಪದ್ಧತಿ ಆ ಮನೆಯಲ್ಲಿಲ್ಲ. ಮುಂದಿನ ಬಸ್ಸಿಗೆ ಮೂವರೂ ಹತ್ತಿದರು.

ಆ ಘಾಟ್ ಪುಟ್ಟಮಲ್ಲಮ್ಮನಿಗೆ ಹೊಸದಲ್ಲ. ಆದರೂ ಆವತ್ತು ಪ್ರತಿ ತಿರುವೂ ಹೊಸದಾಗಿತ್ತು. ಡ್ರೈವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಸುತ್ತಿ ಸುತ್ತಿ ತಿರುಗಿಸುತ್ತಿದ್ದ. ಬಸ್ಸಿನ ಮೂತಿ ಕಮರಿಯ ಮೇಲೆ ಹೋಗಿ, ಒಂದು ಗಳಿಗೆ ಬರೀ ಆಕಾಶ ಕಂಡು, ಆಮೇಲೆ ರಸ್ತೆ ಸಿಗುತ್ತಿತ್ತು. ಒಂದು ತಿರುವಿನಲ್ಲಿ ಕೆಳಗೆ ಬಿದಿರ ಮೆಳೆಗಳ ತಲೆ ಮಾತ್ರ ಕಾಣಿಸಿತು, ಬುಡ ಕಾಣಿಸಲಿಲ್ಲ. ಇಲ್ಲಿ, ಎಂದುಕೊಂಡಳು. ಮುಂದಿನ ತಿರುವಿನಲ್ಲೂ, ಇಲ್ಲಿ, ಎಂದುಕೊಂಡಳು. ಮಗನನ್ನು ನೋಡಿದಳು. ಅವನು ಕಮರಿ ನೋಡುತ್ತಿರಲಿಲ್ಲ, ಡ್ರೈವರನ ಕೈ ನೋಡುತ್ತಿದ್ದ. ಅವನ ಹಣೆಯ ಮೇಲೆ ಬೆವರಿತ್ತು. ಅವಳು ಅವನ ಕೈ ಹಿಡಿದುಕೊಂಡಳು. ಚಿಕ್ಕವನಿದ್ದಾಗ ಕೊಸರಿಕೊಳ್ಳುತ್ತಿದ್ದವನು ಈಗ ಕೊಸರಿಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಅವನು ಬೈಕು ಬಿಚ್ಚಿದ. ಬೇರಿಂಗಿನಲ್ಲಿ ಗೆರೆ ಬಿದ್ದಿತ್ತು. ನಟ್ಟನ್ನೂ ತಾನು ಬಿಗಿ ಮಾಡಿದ್ದು ಜಾಸ್ತಿಯಾಗಿತ್ತು, ಬರೀ ದೂಳ್ತಕ್ಕೆ ಅಷ್ಟು ಬೇಗ ಹಿಡಿಯುತ್ತಿರಲಿಲ್ಲ ಎಂದು ತಾಯಿಗೆ ಹೇಳಿದ. ಅವಳು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಾನೆ ಎಂದುಕೊಂಡಳು. ನಿಜ ಯಾವುದೋ, ಈ ಕಥೆ ಹೇಳುವವನಿಗೂ ಗೊತ್ತಿಲ್ಲ. ಊರಿನಲ್ಲಿ ಮಾತ್ರ ನಟರಾಜು ಇದನ್ನು ಒಂದಕ್ಕೆ ನಾಲ್ಕು ಮಾಡಿ, ಸ್ವತಃ ಮಾದಪ್ಪನೇ ಹ್ಯಾಂಡಲ್ ಹಿಡಿದು ನಿಲ್ಲಿಸಿದನೆಂದು ಹೇಳಿಕೊಂಡು ತಿರುಗಿದ. ಪುಟ್ಟಮಲ್ಲಮ್ಮ ಅದನ್ನು ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು.

ಹೊಸ ಬೇರಿಂಗು ಬಂತು. ಈ ಸಲ ಶಾಂತಮೂರ್ತಿ ಗ್ರೀಸಿನ ಡಬ್ಬಿಯನ್ನು ತಾಯಿಯ ಕೈಗೇ ಕೊಟ್ಟ. ಅವಳು ಮುಚ್ಚಳ ಬಿಗಿದು, ಮಡಿಲಲ್ಲಿಟ್ಟುಕೊಂಡು, ಕೋಳಿಯನ್ನೂ ಗಂಡನನ್ನೂ ಹತ್ತಿರ ಸೇರಿಸದೆ ಕೂತಳು. ಅವನು ಕೇಳಿದಾಗ ಮುಚ್ಚಳ ತೆರೆದು, ಕೊಟ್ಟು, ಮತ್ತೆ ಮುಚ್ಚಿದಳು. ಎಲ್ಲ ಕೂರಿಸಿ ಮುಗಿದ ಮೇಲೆ, ಚಕ್ರ ನೆಲ ಬಿಟ್ಟು ತೂಗುತ್ತಿದ್ದಾಗ, "ಬಾವ್ವ, ನೀನೇ ತಿರುಗ್ಸು" ಎಂದು ಅವಳ ಎರಡೂ ಕೈಯನ್ನು ಹ್ಯಾಂಡಲಿನ ಮೇಲೆ ಇಡಿಸಿದ. ಈ ತುದಿಯಿಂದ ಆ ತುದಿಗೆ ಅದು ಸದ್ದಿಲ್ಲದೆ ಹೋಯಿತು. ಅವಳು ಮತ್ತೆ ತಿರುಗಿಸಿದಳು, ಕಿವಿ ಹತ್ತಿರ ತಂದು ಇನ್ನೊಮ್ಮೆ ತಿರುಗಿಸಿದಳು.

ಅವರು ಹೊರಟ ಬೆಳಗ್ಗೆ ಇಬ್ಬರ ಹಣೆಗೂ ದೂಳ್ತ ಹಚ್ಚಿದಳು. ಬೈಕಿಗೆ ಹಚ್ಚಲಿಲ್ಲ. ಮಗ ಹೆಲ್ಮೆಟ್ ಹಾಕಿಕೊಳ್ಳುವ ಮೊದಲು ಅವನ ತೋಳು ಹಿಡಿದು, "ನಂಗೆ ತುಂಬ ಬಯ ಆಯ್ತದೆ ಕಣ ಮಗ" ಎಂದಳು. ಪುಟ್ಟಬಸಪ್ಪ ಜಗುಲಿಯಿಂದ ಬೆಚ್ಚಿ ನೋಡಿದ. ಮದುವೆಯಾದ ಹೊಸದರಲ್ಲಿ ಹಾವಿನ ಮಾತು ಎತ್ತಿದ್ದು ಬಿಟ್ಟರೆ, ಇಷ್ಟು ವರ್ಷದಲ್ಲಿ ಇಂಥದ್ದನ್ನು ಅವನು ಅವಳ ಬಾಯಲ್ಲಿ ಕೇಳಿಯೇ ಇರಲಿಲ್ಲ.

"ನಂಗೂ ಆಯ್ತದೆ ಕಣವ್ವ" ಎಂದ ಶಾಂತಮೂರ್ತಿ. "ತಿರುವು ಬಂದಾಗ ನಿಧಾನಕ್ಕೆ ಓಯ್ತೀನಿ. ಮ್ಯಾಲಕ್ಕೋದ್ಮೇಲೆ ಫೋನ್ ಮಾಡ್ತೀನಿ."

ಬೈಕು ಬೀದಿ ತಿರುಗಿತು. ಪುಟ್ಟಮಲ್ಲಮ್ಮ ಹೊಸಲಿನ ಮೇಲೆ ಬಲಗೈ ಊರಿ, ಎಡಗೈಯಲ್ಲಿ ಫೋನು ಹಿಡಿದು ಕೂತಳು. ಮಧ್ಯಾಹ್ನ ಅದು ಬಡಿದುಕೊಂಡಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವುದನ್ನೂ ಮರೆತು, ಮೊದಲ ರಿಂಗಿಗೇ ಎತ್ತಿದಳು.